ದೀಕ್ಷಾದಲ್ಲಿ ಟೀಚರ್ ತರಬೇತಿ: ಡೌನ್‌ಲೋಡ್ ಬಾಣಕ್ಕೆ ಪೂರ್ತಿ ಮಾರ್ಕ್ಸ್, ಉತ್ತರದ ಪಿಡಿಎಫ್‌ಗೆ ಸೊನ್ನೆ

ಸರ್ಕಾರಿ ಶಾಲೆ ಟೀಚರ್‌ಗಳ ಫೋನಿನಲ್ಲಿ ದೀಕ್ಷಾ, ಅಂದರೆ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠ, ತರಬೇತಿಯ ಆ್ಯಪ್ ಇಲ್ಲದೆ ಇರುವುದು ಅಪರೂಪ. ಹಾಗಾಗಿ ಅದರಲ್ಲಿ ಏನೇನಿದೆ, ಲಾಗಿನ್ ಹೇಗೆ ಅಂತೆಲ್ಲ ಬರೆಯುತ್ತಾ ಕೂರಲ್ಲ. 2020ರ ಕೊನೆಗೆ ಟೀಚರ್‌ಗಳಿಗೆ ಅಂತ ಕೇಂದ್ರದವರು ಮಾಡಿದ ನಿಷ್ಠಾ ತರಬೇತಿ ಆನ್‌ಲೈನ್‌ಗೆ ಬಂತಲ್ಲ, 18 ಕೋರ್ಸ್, ಆಗಿನಿಂದ ಇದನ್ನು ಬಳಸುತ್ತಿದ್ದೇನೆ. ನಾನು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆಯ ಒಂದು ಸಣ್ಣ ಶಾಲೆಯಲ್ಲಿ ನಲಿ-ಕಲಿ ಟೀಚರ್, ಅಂದರೆ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವವಳು. ಒಂದರಿಂದ ಮೂರನೇ ಕ್ಲಾಸಿನವರೆಗೆ ಎಲ್ಲ ಮಕ್ಕಳೂ ಒಂದೇ ಕೊಠಡಿಯಲ್ಲಿ. ಮನೆ ಹಾಸನದಲ್ಲಿ, ವಾರವಿಡೀ ಸಕಲೇಶಪುರದಲ್ಲಿ ಬಾಡಿಗೆ ರೂಮು. ಇದನ್ನು ಯಾಕೆ ಹೇಳಿದೆ ಅಂದರೆ, ನನಗೆ ಈ ಆ್ಯಪ್ ಇಷ್ಟ ಆಗಿದ್ದೇ ಈ ಓಡಾಟದಿಂದ.

ನಮ್ಮ ಕಡೆ ಜೂನ್‌ನಲ್ಲಿ ಮಳೆ ಹಿಡಿದರೆ ಕರೆಂಟ್ ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ, ದೇವರೇ ಬಲ್ಲ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಕೈ ಕೊಡುತ್ತೆ. ಶಾಲೆಯಲ್ಲಿ ಸಿಗ್ನಲ್ ಬೇಕಾದರೆ ನೀರಿನ ಟ್ಯಾಂಕ್ ಪಕ್ಕ ಹೋಗಿ ನಿಲ್ಲಬೇಕು, ಅದೂ ಛತ್ರಿ ಹಿಡಿದುಕೊಂಡು. ಇಂಥ ಜಾಗಕ್ಕೆ ಆನ್‌ಲೈನ್ ತರಬೇತಿ ಅಂತ ಸುತ್ತೋಲೆ ಬಂದಾಗ ನಗು ಬಂದಿತ್ತು. ಆಮೇಲೆ ಕೋರ್ಸನ್ನು ಫೋನಿಗೆ ಇಳಿಸಿಕೊಳ್ಳುವ ಆ ಡೌನ್‌ಲೋಡ್ ಬಾಣ ಕಣ್ಣಿಗೆ ಬಿತ್ತು.

ನನ್ನ ಪದ್ಧತಿ ಹೀಗೆ. ಭಾನುವಾರ ರಾತ್ರಿ ಊಟ ಆದ ಮೇಲೆ ಹಾಸನದ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಆ ವಾರದ ಕೋರ್ಸ್ ಪೂರ್ತಿ ಇಳಿಸಿಕೊಳ್ಳುತ್ತೇನೆ. ಅದು ಇಳಿಯುವಷ್ಟರಲ್ಲಿ ಸೋಮವಾರದ ಬ್ಯಾಗು, ಬುತ್ತಿಗೆ ಚಟ್ನಿಪುಡಿ, ಒಗೆದ ಸೀರೆಗಳು, ಎಲ್ಲ ಜೋಡಿಸಿ ಮುಗಿದಿರುತ್ತೆ. ಬೆಳಿಗ್ಗೆ ಕತ್ತಲಲ್ಲೇ ಬಸ್ಸು. ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಒಂದು ಕಿವಿಗೆ ಇಯರ್‌ಫೋನ್, ಇನ್ನೊಂದು ಕಿವಿ ಕಂಡಕ್ಟರ್‌ಗೆ. ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರ್, ಒಂದು ಗಂಟೆಯ ದಾರಿ, ಒಂದೆರಡು ವಿಡಿಯೊ ಆರಾಮಾಗಿ ಮುಗಿಯುತ್ತೆ. ಅಲ್ಲಿಂದ ಶಾಲೆ ಕಡೆಗಿನ ತಿರುವುಗಳಲ್ಲಿ ಮಾತ್ರ ಫೋನ್ ನೋಡಿದರೆ ತಲೆ ಸುತ್ತುತ್ತೆ, ಅಲ್ಲಿ ಸುಮ್ನೆ ಕೇಳಿಸಿಕೊಳ್ಳುವುದು. ಓದುವ ಪುಟಗಳನ್ನು ಸಂಜೆಗೆ ಇಟ್ಟುಕೊಳ್ಳುತ್ತೇನೆ. ಬಚ್ಚಲ ಒಲೆಗೆ ಸೌದೆ ಒಡ್ಡಿ, ಅಲ್ಲೇ ಮಣೆ ಹಾಕಿಕೊಂಡು, ಕಾಫಿ ಲೋಟ ಒಂದು ಕೈಲಿ, ಫೋನ್ ಒಂದು ಕೈಲಿ. ಕರೆಂಟ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನಡುವೆ ಟ್ಯಾಂಕ್ ಹತ್ತಿರ ಹೋಗಿ ಪ್ರಗತಿ ಸಿಂಕ್ ಮಾಡಿ, ಅಂದರೆ ಎಷ್ಟು ಮುಗಿಸಿದೆ ಅನ್ನುವುದನ್ನು ನೆಟ್‌ನಲ್ಲಿ ದಾಖಲಿಸಿ ಬಂದರೆ ಮುಗಿಯಿತು. ತಿಂಗಳ ರೀಚಾರ್ಜ್ ಮೇಲೆ ಒಂದು ರೂಪಾಯಿ ಜಾಸ್ತಿ ಖರ್ಚಾಗಿಲ್ಲ. ಡಾಟಾಕ್ಕೆ ಅಂತ ಇಲಾಖೆಯಿಂದ ನಮಗೇನೂ ಬರಲ್ಲ ನೋಡಿ, ಅದಕ್ಕೇ ಇದು ನನಗೆ ದೊಡ್ಡ ವಿಷಯ.

ಹೋಲಿಸುವುದಕ್ಕೆ ಹೇಳುತ್ತೇನೆ, ನಡುವೆ ಒಂದು ಖಾಸಗಿ ಕಂಪನಿಯ ತರಬೇತಿಗೂ ದುಡ್ಡು ಕಟ್ಟಿದ್ದೆ. ಹೆಸರು ಬೇಡ ಬಿಡಿ. ವಿಡಿಯೊಗಳು ಹೊಳೆಯುತ್ತಿದ್ದವು, ಇಂಗ್ಲಿಷ್ ಮಾತಾಡುವ ಮೇಡಂ ಚೆನ್ನಾಗೇ ಹೇಳುತ್ತಿದ್ದರು. ಆದರೆ ಒಂದನ್ನೂ ಇಳಿಸಿಕೊಳ್ಳಲು ಬಿಡಲ್ಲ. ನೆಟ್ ಇದ್ದರೆ ಕ್ಲಾಸು, ಇಲ್ಲದಿದ್ದರೆ ಬಿಳಿ ಸ್ಕ್ರೀನ್ ಮೇಲೆ ಚಕ್ರ ತಿರುಗುತ್ತಾ ಇರುತ್ತೆ. ಮೂವತ್ತು ಮಕ್ಕಳು ಇಂಟರ್ಯಾಕ್ಟಿವ್ ಬೋರ್ಡ್ ಮುಂದೆ ಕೂತಿರುವ ಕೊಠಡಿ ತೋರಿಸಿ ಪಾಠ ಹೇಳಿದರೆ, ಮೂರು ಕ್ಲಾಸು ಒಟ್ಟಿಗೆ ಕೂರಿಸಿಕೊಂಡ ನಾನು ಏನು ಮಾಡಲಿ?

ಇನ್ನು ಒಳಗಿನ ಸರಕು. ಎಲ್ಲ ಕೋರ್ಸೂ ಒಂದೇ ತೂಕದ್ದಲ್ಲ. 2021ರಲ್ಲಿ ಬಂದ ನಿಷ್ಠಾ 3.0, ಅಂದರೆ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನದ 12 ಕೋರ್ಸ್ ಇದೆಯಲ್ಲ, ನಲಿ-ಕಲಿಯವರಿಗೆ ನಿಜವಾಗಿ ಕೆಲಸಕ್ಕೆ ಬರುವುದು ಅದು. ಮೂರನೇ ಕ್ಲಾಸಿನೊಳಗೆ ಎಲ್ಲ ಮಕ್ಕಳಿಗೂ ಓದು, ಬರಹ, ಲೆಕ್ಕ ಬರಬೇಕು ಅಂತ ಅದೇ ವರ್ಷ ಜುಲೈನಲ್ಲಿ ಶುರುವಾದ ನಿಪುಣ್ ಭಾರತ್ ಯೋಜನೆಗೆ ಅಂತಲೇ ಮಾಡಿದ್ದು. ನಾಯಕತ್ವ ಅದು ಇದು ಅನ್ನುವುದನ್ನು ನಾನು ಬಸ್ಸಿನಲ್ಲಿ ಕೇಳಿ ಮುಗಿಸಿದೆ. ಆದರೆ ಬಹುಭಾಷಾ ತರಗತಿಯ ಕೋರ್ಸನ್ನು ಎರಡು ಸಲ ನೋಡಿದೆ. ನಮ್ಮ ಶಾಲೆಗೆ ಬರುವುದು ಕಾಫಿ ತೋಟದ ಲೈನ್ ಮನೆಗಳ ಮಕ್ಕಳು. ಮನೆಯಲ್ಲಿ ತಮಿಳು, ತುಳು, ಈಗೀಗ ಅಸ್ಸಾಂ ಕಡೆಯ ಭಾಷೆಗಳು. ಮೊದಲು ಅವರ ಮಾತನ್ನು ಕ್ಲಾಸಿನೊಳಗೆ ಬಿಟ್ಟುಕೊಳ್ಳಿ, ಕನ್ನಡ ಆಮೇಲೆ ಅದರ ಮೇಲೇ ಬರುತ್ತೆ ಅನ್ನುವುದು ಅದರ ತಿರುಳು. ಈಗ ನಮ್ಮ ಗೋಡೆಯ ಮೇಲಿನ ಚಿತ್ರಗಳ ಕೆಳಗೆ ನೀರು, ಬೆಕ್ಕು, ಅಕ್ಕಿಗೆ ಮೂರು ಮೂರು ಹೆಸರು, ಎಲ್ಲ ಕನ್ನಡ ಅಕ್ಷರದಲ್ಲೇ. ಮಕ್ಕಳೇ ಹೇಳಿ ಬರೆಸಿದ್ದು.

ಆಟಿಕೆ ಆಧಾರಿತ ಕಲಿಕೆಯ ಕೋರ್ಸ್ ನೋಡಿದ ವಾರ ಅತ್ತೆಯ ಅಳಗುಳಿಮಣೆಯನ್ನು ಹಾಸನದಿಂದ ಹೊತ್ತು ತಂದೆ. ಹದಿನಾಲ್ಕು ಗುಳಿ, ಗುಳಿಗೆ ಐದೈದು ಹುಣಸೆಬೀಜ. ಒಂದೊಂದಾಗಿ ಹಂಚುತ್ತಾ ಹೋಗುವುದರಲ್ಲೇ ಎಣಿಕೆ ಕೂಡ ಇದೆ, ಕೈಯಲ್ಲಿರುವ ಬೀಜ ಎಲ್ಲಿ ಮುಗಿಯುತ್ತೆ ಅಂತ ಮುಂಚೆಯೇ ಊಹಿಸುವ ಲೆಕ್ಕವೂ ಇದೆ. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಈಗ ನನ್ನನ್ನು ಸಲೀಸಾಗಿ ಸೋಲಿಸುತ್ತಾಳೆ.

ಇಷ್ಟು ಹೊಗಳಿದ ಮೇಲೆ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಸಿಟ್ಟು ಆ್ಯಪ್ ಮೇಲಲ್ಲ, ಅದನ್ನು ನಾವು ಬಳಸುವ ರೀತಿಯ ಮೇಲೆ.

ನಿಷ್ಠಾ ಕೋರ್ಸ್‌ಗಳಲ್ಲಿ ಕೊನೆಗೆ ಮೌಲ್ಯಾಂಕನ, ಅದರಲ್ಲಿ 70 ಪರ್ಸೆಂಟ್ ಬಂದರೆ ಸರ್ಟಿಫಿಕೇಟ್. ಕೋರ್ಸ್ ಲಿಂಕ್ ಟೀಚರ್‌ಗಳ ವಾಟ್ಸಾಪ್ ಗ್ರೂಪಿಗೆ ಬೀಳುತ್ತೆ. ಹಿಂದೆಯೇ, ಕೆಲವು ಸಲ ಅದಕ್ಕಿಂತ ಮುಂಚೆಯೇ, ಯಾರೋ ಪುಣ್ಯಾತ್ಮರು ಉತ್ತರಗಳ ಪಿಡಿಎಫ್ ಹಾಕುತ್ತಾರೆ. ಕೆಳಗೆ ಸಾಲಾಗಿ ಕೈ ಮುಗಿಯುವ ಚಿತ್ರಗಳು, ಧನ್ಯವಾದಗಳು ಸರ್. ಯೂಟ್ಯೂಬ್‌ನಲ್ಲಂತೂ ಸರಿ ಉತ್ತರ ಓದಿ ಹೇಳುವುದೇ ಒಂದು ಕಸುಬು. ಆಮೇಲೆ ಸ್ಟಾಫ್ ರೂಮಿನಲ್ಲಿ ವಿಡಿಯೊ ಓಡಲು ಬಿಟ್ಟು, ಫೋನ್ ಮಗುಚಿಟ್ಟು, ಬಿಸಿಯೂಟದ ಲೆಕ್ಕ ಬರೆಯುವುದು. ಸಂಜೆಗೆ 100 ಪರ್ಸೆಂಟ್! ಮರುದಿನ ಶಾಲೆಗಳ ಪಟ್ಟಿ ಬರುತ್ತೆ, ಮುಗಿಸದವರ ಹೆಸರಿಗೆ ಕೆಂಪು ಬಣ್ಣ. ನಿಜವಾಗಿ ನೋಡುತ್ತಾ ಕೂತವಳು ನಾನು, ಆ ಕೆಂಪಿನಲ್ಲಿ ನನ್ನ ಹೆಸರೂ ಇರುತ್ತೆ. ಒಂದು ಕೋರ್ಸ್ ಅಂದರೆ ಮೂರ್ನಾಲ್ಕು ಗಂಟೆಯ ಕೆಲಸ ಅಂತ ಪಟ್ಟಿ ಮಾಡುವವರಿಗೆ ನೆನಪಿರಲ್ಲ.

ಹಾಗಂತ ಟೀಚರ್‌ಗಳನ್ನೇ ಬೈಯಲು ನನಗೆ ಮನಸ್ಸಿಲ್ಲ. ಬ್ಯಾಚ್‌ಗೆ ಕೊನೇ ದಿನಾಂಕ ಇರುತ್ತೆ, ಅದರ ನಡುವೆ ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಜನಗಣತಿ, ಚುನಾವಣೆ ಕೆಲಸ, ಶೂ ಸಾಕ್ಸ್ ಬಿಲ್ಲು. ಏಕೋಪಾಧ್ಯಾಯ ಶಾಲೆಯ ಮೇಷ್ಟ್ರು ಯಾವ ಹೊತ್ತಿನಲ್ಲಿ ಕೂತು ನೋಡಬೇಕು ಹೇಳಿ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಅಭಿವೃದ್ಧಿ ಅನ್ನುತ್ತೆ, ಅದೂ ಟೀಚರ್‌ಗಳು ತಮ್ಮ ಆಸಕ್ತಿಯಿಂದ ಆರಿಸಿಕೊಂಡು. ಆ ಆಸಕ್ತಿ ಅನ್ನುವ ಮಾತು ನಮ್ಮ ಗ್ರೂಪಿನವರೆಗೆ ಇಳಿದು ಬರುವಾಗ ಉದುರಿಹೋಗಿದೆ, ಗಂಟೆಗಳು ಮಾತ್ರ ಉಳಿದಿವೆ.

ಹಾಗಾದರೆ ಹಳೇ ಥರ ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಕೂರಿಸಿ ತರಬೇತಿ ಕೊಡುವುದೇ ಒಳ್ಳೆಯದಾ? ಅಲ್ಲೂ ನಿದ್ದೆ ಇದೆ, ನನಗೆ ಗೊತ್ತು. ಆದರೆ ಊಟದ ಹೊತ್ತಿನಲ್ಲಿ ಬೇರೆ ಶಾಲೆಯವರು ಕಾರ್ಡು ಹೇಗೆ ಮಾಡಿದ್ದಾರೆ ಅಂತ ನೋಡಬಹುದು, ಜಗಳ ಆಡಬಹುದು. ನಾವು ಮೂವರು ಟೀಚರ್‌ಗಳು ಈಗ ಒಂದು ರೂಢಿ ಮಾಡಿಕೊಂಡಿದ್ದೇವೆ. ಒಂದೇ ಕೋರ್ಸ್ ನೋಡಿ, ಅಕ್ಕಪಕ್ಕದ ಶಾಲೆಗಳ ಟೀಚರ್‌ಗಳು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆ ದಿನ ಸ್ವಲ್ಪ ಬೇಗ ಹೋಗಿ ಅದರ ಬಗ್ಗೆ ಮಾತಾಡುವುದು. ವಿಡಿಯೊದಲ್ಲಿ ಚೆಂದ ಕಂಡದ್ದು ಕ್ಲಾಸಿನಲ್ಲಿ ಯಾಕೆ ನಡೆಯಲಿಲ್ಲ ಅನ್ನುವುದೇ ಹೆಚ್ಚು ಹೊತ್ತು ತಿನ್ನುತ್ತೆ. ಮೂವರಲ್ಲಿ ಒಬ್ಬರು ರಿಟೈರ್ ಆಗಲು ಹತ್ತಿರ ಇರುವ ಮೇಡಂ, ಸರ್ಟಿಫಿಕೇಟಿಂದ ಅವರಿಗೆ ಆಗಬೇಕಾದ್ದೇನೂ ಇಲ್ಲ. ನೋಟ್ಸ್ ಬರೆದುಕೊಂಡು ಬರುವುದು ಅವರೊಬ್ಬರೇ.

ಸ್ಟಾರ್ ಕೊಡಿ ಅಂದರೆ ನಾಲ್ಕು ಕೊಡುತ್ತೇನೆ. ಹೊಸದಾಗಿ ಶುರು ಮಾಡುವವರು ಕೋರ್ಸಿಗೆ ಸೇರುವ ಮೊದಲು ಪ್ರೊಫೈಲ್‌ನಲ್ಲಿ ಹೆಸರು ಸರಿ ಇದೆಯಾ ನೋಡಿಕೊಳ್ಳಿ, ಸರ್ಟಿಫಿಕೇಟ್ ಮೇಲೆ ಅದೇ ಬರುವುದು. ಯಾವಾಗಲೂ ಒಂದೇ ಖಾತೆಯಿಂದ ಲಾಗಿನ್ ಆಗಿ, ಇಲ್ಲದಿದ್ದರೆ ಮುಗಿಸಿದ ಕೋರ್ಸ್‌ಗಳು ಎರಡು ಕಡೆ ಹಂಚಿಹೋಗುತ್ತವೆ. ನನ್ನಂತೆ ಹಳೇ ಫೋನ್ ಇದ್ದರೆ ಮುಗಿದ ಕೋರ್ಸಿನ ಡೌನ್‌ಲೋಡ್ ಅಳಿಸುತ್ತಾ ಹೋಗಿ. ಆದರೆ ಸಿಂಕ್ ಆಗಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ.