ಪುಣೆಯಲ್ಲಿ ಹೊರಗುತ್ತಿಗೆ ಲಾಜಿಸ್ಟಿಕ್ಸ್, ಮೂರು ವರ್ಷದ ಬಳಕೆಯ ನಂತರ: ಲಾರಿ ಅವರದಿರಲಿ, ಲೆಕ್ಕ ನಮ್ಮಲ್ಲಿರಲಿ

ಬಳಸಿದ ಸೇವೆ: ವಾಹನ ಬಿಡಿಭಾಗ ತಯಾರಿಸುವ ಕಂಪನಿಗೆ ಗೋದಾಮು, ಒಳಬರುವ ಮಾಲಿನ ಮಿಲ್ಕ್ ರನ್ (ಒಂದೇ ಗಾಡಿ ಹಲವು ಪೂರೈಕೆದಾರರಲ್ಲಿ ಸುತ್ತಿ ಮಾಲು ತರುವುದು), ಸಿದ್ಧ ಮಾಲಿನ ಸಾಗಣೆ, ಎಲ್ಲವೂ ಒಬ್ಬನೇ ಗುತ್ತಿಗೆದಾರನಿಂದ. ಘಟಕಗಳು ಭೋಸರಿ, ಚಾಕಣ್, ರಾಂಜಣಗಾವ್. ಅವಧಿ ಮೂರು ವರ್ಷ. ಅಂಕ: ಸಾಗಣೆಗೆ 5ರಲ್ಲಿ 4, ಗೋದಾಮಿಗೆ 3, ಬಿಲ್ಲಿಂಗ್‌ಗೆ 2.

ಪುಣೆಯ ಎಂಐಡಿಸಿ ಕೈಗಾರಿಕಾ ಪ್ರದೇಶಗಳಲ್ಲಿ ಡಿಸ್ಪ್ಯಾಚ್, ಸ್ಟೋರ್ಸ್ ನೋಡಿಕೊಳ್ಳುವ ಕನ್ನಡಿಗರು ಬಹಳ ಮಂದಿ ಇದ್ದಾರೆ. ಅವರ ಮುಂದೆ ಆಡಳಿತ ಮಂಡಳಿ ಇಡುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಹೊರಗೆ ಕೊಡೋಣವೇ, ಅಥವಾ ಮೂರೂ ಘಟಕಗಳದ್ದನ್ನು ಒಂದೇ ಕಡೆ ತಂದು ನಾವೇ ನಡೆಸೋಣವೇ? ಈ ಎರಡರಲ್ಲಿ ಒಂದನ್ನು ಆರಿಸಬೇಕಿಲ್ಲ. ಮೊದಲು ಒಂದೇ ಕಡೆ ತನ್ನಿ, ಆಮೇಲೆ ಹೊರಗೆ ಕೊಡಿ. ಪ್ರತಿ ಘಟಕಕ್ಕೂ ಬೇರೆ ಪಾರ್ಟ್ ಕೋಡ್, ಬೇರೆ ಬಿನ್ (ಭಾಗ ತುಂಬುವ ಪೆಟ್ಟಿಗೆ), ಬೇರೆ ಬಾಡಿಗೆ ದರ ಇರುವಾಗಲೇ ಹೊರಗೆ ಕೊಟ್ಟರೆ ನಮ್ಮ ಗೊಂದಲವನ್ನೇ ಗುತ್ತಿಗೆದಾರ ನಡೆಸುತ್ತಾನೆ, ಅದಕ್ಕೆ ತನ್ನ ಲಾಭ ಸೇರಿಸಿ ಬಿಲ್ ಹಾಕುತ್ತಾನೆ. ಕೋಡ್, ಬಿನ್ ಅಳತೆ, ದರಪಟ್ಟಿ ಈ ಮೂರನ್ನು ಒಂದು ಮಾಡುವ ಕೆಲಸವನ್ನು ಹೊರಗಿನವರು ನಮಗಾಗಿ ಮಾಡಿಕೊಡುವುದಿಲ್ಲ.

ಈ ಸೇವೆಯಲ್ಲಿ ನಿಜವಾಗಿ ಹಣ ಉಳಿಸಿದ್ದು ಮಿಲ್ಕ್ ರನ್. ಬೆಳಗಾವಿಯ ಉದ್ಯಮಬಾಗ್, ಕೊಲ್ಹಾಪುರದ ಶಿರೋಲಿ ಕಡೆಯ ಫೌಂಡ್ರಿಗಳಿಂದ ಎರಕದ ಭಾಗಗಳು ಬರುತ್ತವೆ. ಹಿಂದೆ ಪ್ರತಿಯೊಬ್ಬ ಪೂರೈಕೆದಾರನೂ ತನ್ನದೇ ಗಾಡಿಯಲ್ಲಿ ಕಳಿಸುತ್ತಿದ್ದ, ಬಾಡಿಗೆ ಭಾಗದ ಬೆಲೆಯೊಳಗೇ ಅಡಗಿರುತ್ತಿತ್ತು. ಹಾಗಾಗಿ ಮೊದಲ ಹೆಜ್ಜೆ ಎಂದರೆ ಪೂರೈಕೆದಾರರ ಜೊತೆ ಕೂತು, ನಮ್ಮ ಬಾಗಿಲಿಗೆ ತಲುಪಿಸುವ ಬೆಲೆಯಿಂದ ಸಾಗಣೆಯನ್ನು ಬಿಡಿಸಿ, ಅವರ ಗೇಟಿನ ಬೆಲೆಗೆ ತರುವುದು. ಇದನ್ನು ಮಾಡದೆ ಮಿಲ್ಕ್ ರನ್ ಶುರು ಮಾಡಿದರೆ ಒಂದೇ ಸಾಗಣೆಗೆ ಎರಡು ಬಾರಿ ದುಡ್ಡು ಕೊಟ್ಟಂತೆ.

ಎರಡನೆಯದು ತೂಕ ಮತ್ತು ಗಾತ್ರದ ಹೊಂದಾಣಿಕೆ. 32 ಅಡಿಯ ಸಿಂಗಲ್ ಆಕ್ಸಲ್ ಕಂಟೇನರ್ ಗಾಡಿಯ ಒಳಗಿನ ಜಾಗ, 8 ಅಡಿ ಅಗಲ ಮತ್ತು 8 ಅಡಿ ಎತ್ತರ ಹಿಡಿದರೆ, 2,048 ಘನ ಅಡಿ. ಸಾಗಿಸುವ ತೂಕ 7 ಟನ್ ಎಂದಿಟ್ಟುಕೊಂಡರೆ ಘನ ಅಡಿಗೆ ಸುಮಾರು 3.4 ಕೆ.ಜಿ. ಅದಕ್ಕಿಂತ ಹಗುರವಾದ ಪ್ಲಾಸ್ಟಿಕ್ ಭಾಗ ತುಂಬಿದರೆ ತೂಕಕ್ಕೆ ಮೊದಲೇ ಜಾಗ ಮುಗಿಯುತ್ತದೆ. ಎರಕದ ಭಾಗ ತುಂಬಿದರೆ ತೂಕ ಮುಗಿದು ಮೇಲರ್ಧ ಖಾಲಿ ಉಳಿಯುತ್ತದೆ. ಎರಕ ಕೆಳಗೆ, ಪ್ಲಾಸ್ಟಿಕ್ ಮೇಲೆ ಇಟ್ಟರೆ ತೂಕದ ಮಿತಿಯೊಳಗೇ ಜಾಗವೂ ತುಂಬುತ್ತದೆ, ಬೇಕಾಗುವ ಗಾಡಿಗಳು ಕಡಿಮೆಯಾಗುತ್ತವೆ. ಮೂರೂ ಘಟಕಗಳ ಬೇಡಿಕೆಯನ್ನು ಒಬ್ಬನೇ ನೋಡುತ್ತಿದ್ದರೆ ಮಾತ್ರ ಈ ಜೋಡಣೆ ಸಾಧ್ಯ. ಕೆಳಗಿನ ಬಿನ್ ಕಬ್ಬಿಣದ ಚೌಕಟ್ಟಿನದ್ದಾಗಿರಬೇಕು. ಪ್ಲಾಸ್ಟಿಕ್ ಕ್ರೇಟ್ ಆದರೆ ದಾರಿಯ ಘಾಟಿನ ತಿರುವುಗಳಲ್ಲಿ ಸಾಲು ಕುಸಿಯುತ್ತದೆ. ಮಳೆಗಾಲದಲ್ಲಿ ಎರಕಕ್ಕೆ ತುಕ್ಕು ನಿರೋಧಕ ಎಣ್ಣೆ ಮತ್ತು ವಿಸಿಐ (ತುಕ್ಕು ತಡೆಯುವ ಆವಿ ಬಿಡುವ) ಚೀಲ ಎರಡೂ ಬೇಕು, ಅದರ ಖರ್ಚು ಯಾರದ್ದೆಂದು ಮೊದಲೇ ಬರೆದಿಡಿ.

ಮಿಲ್ಕ್ ರನ್ ಕೆಡುವುದು ಹೆಚ್ಚಾಗಿ ಖಾಲಿ ಬಿನ್‌ನಿಂದ. ದಿನಕ್ಕೆ 600 ಭಾಗ, ಬಿನ್‌ಗೆ 20 ಎಂದರೆ ದಿನಕ್ಕೆ 30 ಬಿನ್. ಪೂರೈಕೆದಾರನಲ್ಲಿ 2 ದಿನ, ದಾರಿಯಲ್ಲಿ 1, ಗೋದಾಮಿನಲ್ಲಿ 1, ಘಟಕದಲ್ಲಿ 2, ವಾಪಸಾತಿಗೆ 2, ಒಟ್ಟು 8 ದಿನದ ಸುತ್ತು, ಅಂದರೆ 240 ಬಿನ್. ಒಡೆದದ್ದು, ತೊಳೆಯಲು ಹೋದದ್ದಕ್ಕೆ 15% ಸೇರಿಸಿದರೆ 276. ಗುತ್ತಿಗೆದಾರರು ಪ್ರಸ್ತಾವದಲ್ಲಿ ವಾಪಸಾತಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬಿನ್ ಸಾಲದಾದಾಗ ಫೌಂಡ್ರಿಯವರು ಗೋಣಿಚೀಲದಲ್ಲಿ ಕಳಿಸುತ್ತಾರೆ, ಯಂತ್ರಕ್ಕೆ ಹೋಗಬೇಕಾದ ಮುಖದಲ್ಲಿ ಪೆಟ್ಟು ಬಿದ್ದಿರುತ್ತದೆ, ಆ ತಿರಸ್ಕೃತ ಮಾಲು ಯಾರ ಖಾತೆಗೆ ಎಂದು ಜಗಳ ಶುರುವಾಗುತ್ತದೆ.

ಈಗ ಬಿಲ್ಲಿಂಗ್. 2 ಅಂಕ ಕೊಟ್ಟ ಕಾರಣ ಇಲ್ಲಿದೆ. ಡೀಸೆಲ್ ಬೆಲೆ ಏರಿದಾಗ ಬಾಡಿಗೆ ಏರಿಸುವ ಷರತ್ತು ಎಲ್ಲ ಒಪ್ಪಂದದಲ್ಲೂ ಇರುತ್ತದೆ, ಆದರೆ ಹೇಗೆ ಏರಿಸಬೇಕು ಎಂಬುದರಲ್ಲಿ ಎಲ್ಲ ವ್ಯತ್ಯಾಸ. ಪುಣೆ–ಬೆಂಗಳೂರು ಸುಮಾರು 840 ಕಿ.ಮೀ., ಲೀಟರಿಗೆ 4 ಕಿ.ಮೀ. ಎಂದರೆ 210 ಲೀಟರ್. ಲೀಟರಿಗೆ ₹3 ಏರಿದರೆ ನಿಜವಾದ ಹೆಚ್ಚಳ ₹630. ಅದೇ ₹90ರಿಂದ ₹93ಕ್ಕೆ ಏರಿತೆಂದು ಇಡೀ ₹40,000 ಬಾಡಿಗೆಗೆ ಶೇಕಡಾವಾರು ಹಚ್ಚಿದರೆ ₹1,333. ದುಪ್ಪಟ್ಟಿಗಿಂತ ಹೆಚ್ಚು! ಕಿಲೋಮೀಟರ್ ಸೂತ್ರವನ್ನೇ ಬರೆಸಿಕೊಳ್ಳಿ. ಬೆಲೆ ಇಳಿದಾಗಲೂ ಅದೇ ಸೂತ್ರ ತಾನಾಗಿ ನಡೆಯಬೇಕು. ಇಳಿಕೆಯನ್ನು ಯಾರೂ ನೆನಪು ಮಾಡಿಕೊಡುವುದಿಲ್ಲ.

ಹಾಲ್ಟಿಂಗ್, ಅಂದರೆ ಗಾಡಿ ಕಾದು ನಿಂತ ಸಮಯಕ್ಕೆ ಕೊಡುವ ಹಣ, ಇನ್ನೊಂದು ತಲೆನೋವು. ಚಾಕಣ್‌ನ ತಳೇಗಾವ್ ಚೌಕದ ದಟ್ಟಣೆಯಲ್ಲಿ ಸಿಕ್ಕ ಗಾಡಿ ಮಾಲು ಇಳಿಸಲು ಗೊತ್ತಾದ ಸ್ಲಾಟ್ ತಪ್ಪಿಸಿಕೊಳ್ಳುತ್ತದೆ, ಮುಂದಿನ ಸ್ಲಾಟಿನವರೆಗೆ ಹೊರಗೆ ನಿಲ್ಲುತ್ತದೆ. ಚಾಲಕರಲ್ಲಿ ಬೆಳಗಾವಿ, ವಿಜಯಪುರ ಕಡೆಯವರು ಬಹಳ. "ಸಾಹೇಬ್ರ, ಬೆಳಿಗ್ಗೆನ ಗಾಡಿ ಗೇಟಿಗೆ ಹಚ್ಚೀವ್ರಿ, ಇನ್ನೂ ಖಾಲಿ ಆಗಿಲ್ರಿ" ಎಂದು ಫೋನ್ ಬರುತ್ತದೆ. ಗೇಟಿನ ರಿಜಿಸ್ಟರಿನಲ್ಲಿ ಮಾತ್ರ ಒಳಗೆ ಬಿಟ್ಟ ಸಮಯ ಇರುತ್ತದೆ, ಬಂದು ನಿಂತ ಸಮಯ ಇರುವುದಿಲ್ಲ. ಎರಡೂ ಸಮಯವನ್ನು ಗೇಟಿನಲ್ಲೇ ಎಲ್‌ಆರ್ (ಲಾರಿ ರಸೀದಿ) ಮೇಲೆ ಬರೆದು ಸಹಿ ಹಾಕಿಸಿದರೆ ತಕರಾರಿಗೆ ಜಾಗ ಉಳಿಯುವುದಿಲ್ಲ. ಕಾದು ನಿಂತ ಚಾಲಕನಿಗೆ ನ್ಯಾಯವಾಗಿ ಸೇರಬೇಕಾದ ಹಣವೂ ಆಗ ಸೇರುತ್ತದೆ. ಗೇಟಿನಲ್ಲಿ ಕನ್ನಡ, ಮರಾಠಿ ಎರಡೂ ಬಲ್ಲ ಒಬ್ಬರನ್ನು ನಿಲ್ಲಿಸುವುದು ಯಾವ ತಂತ್ರಾಂಶಕ್ಕಿಂತಲೂ ಉಪಯುಕ್ತ.

ಗೋದಾಮಿನಲ್ಲಿ ಎಚ್ಚರ ಬೇಕಾದದ್ದು ದಾಸ್ತಾನು ಕೊರತೆಯ ಷರತ್ತು. "ವಾರ್ಷಿಕ ವಹಿವಾಟಿನ ಇಷ್ಟು ಶೇಕಡಾವರೆಗೆ ವ್ಯತ್ಯಾಸ ಮಾಫಿ" ಎಂದಿರುತ್ತದೆ. ಅದನ್ನು ನಿವ್ವಳವಾಗಿ ಲೆಕ್ಕ ಹಾಕಿದರೆ ಒಂದು ಭಾಗ 500 ಹೆಚ್ಚು, ಇನ್ನೊಂದು 500 ಕಡಿಮೆ ಇದ್ದರೂ ವ್ಯತ್ಯಾಸ ಸೊನ್ನೆಗೆ ಬರಬಹುದು. ಉತ್ಪಾದನಾ ಲೈನ್ ಮಾತ್ರ ನಿಂತಿರುತ್ತದೆ. ಪ್ರತಿ ಪಾರ್ಟ್ ಕೋಡಿಗೂ ಪ್ರತ್ಯೇಕ ಲೆಕ್ಕ ಎಂದು ಬರೆಸಿ. ಎಣಿಸುವವನು ಮಾಲು ಎತ್ತಿಡುವವನೇ ಆಗಿರಬಾರದು. ವಾರದ ಎಣಿಕೆಗೆ ನಮ್ಮ ಮನುಷ್ಯ ಹೋಗಲಿ.

ಕಾನೂನಿನ ಹೊಣೆ ಹೊರಗೆ ಹೋಗುವುದಿಲ್ಲ. ಗುತ್ತಿಗೆದಾರನ ಗೋದಾಮನ್ನು ನಮ್ಮ ಜಿಎಸ್‌ಟಿ ನೋಂದಣಿಯಲ್ಲಿ ಹೆಚ್ಚುವರಿ ವ್ಯವಹಾರ ಸ್ಥಳವೆಂದು ಸೇರಿಸಬೇಕು. ನೆಲಮಂಗಲದಲ್ಲಿ ಗೋದಾಮು ಮಾಡಿದರೆ ಕರ್ನಾಟಕದ ಬೇರೆ ನೋಂದಣಿ ಬೇಕು, ಮಾರಾಟವಾಗದ ಮಾಲನ್ನು ಅಲ್ಲಿಗೆ ಕಳಿಸುವಾಗಲೂ ಅಂತರರಾಜ್ಯ ತೆರಿಗೆಯಾದ ಐಜಿಎಸ್‌ಟಿ ಕಟ್ಟಬೇಕು. ಕಟ್ಟಿದ್ದನ್ನು ಮುಂದಿನ ತೆರಿಗೆಯಲ್ಲಿ ಕಳೆದುಕೊಳ್ಳುವ ಕ್ರೆಡಿಟ್ ಸಿಗುತ್ತದೆ, ಆದರೆ ಅಷ್ಟು ದಿನ ಹಣ ಸಿಕ್ಕಿಕೊಂಡಿರುತ್ತದೆ. ಬೆಳಗಾವಿಯಿಂದ ಚಾಕಣ್ 400 ಕಿ.ಮೀ. ಒಳಗಿರುವುದರಿಂದ, ದಿನಕ್ಕೆ 200 ಕಿ.ಮೀ. ನಿಯಮದಂತೆ, ಮಾಲಿನ ಸಾಗಣೆಗೆ ಬೇಕಾದ ಇ-ವೇ ಬಿಲ್‌ಗೆ ಎರಡು ದಿನದ ಮಾನ್ಯತೆ. ಕೊಲ್ಹಾಪುರದಲ್ಲಿ ಗಾಡಿ ಬದಲಿಸಿದರೆ ಆ ಬಿಲ್ಲಿನ ಭಾಗ-ಬಿಯಲ್ಲಿ ಹೊಸ ಗಾಡಿಯ ಸಂಖ್ಯೆ ಹಾಕಲೇಬೇಕು. ಮರೆಯುವವನು ಸಾಗಣೆದಾರ, ತಡೆಹಿಡಿಯುವುದು ನಮ್ಮ ಮಾಲನ್ನು. ಇನ್ನು ಲೋಡಿಂಗ್: ಮಹಾರಾಷ್ಟ್ರದ 1969ರ ಮಾಥಾಡಿ (ಹಮಾಲರ) ಕಾಯ್ದೆ ಅನ್ವಯಿಸುವ ಕಡೆ ಮಾಥಾಡಿ ಮಂಡಳಿಗೆ ಕೂಲಿಯ ಜೊತೆ ಲೆವಿಯೂ ಸೇರುತ್ತದೆ. ಇದು ದರದೊಳಗಿದೆಯೇ, ಮಾಲು ಇಳಿಸಲು ಚಾಲಕನಿಂದ ಕೇಳುವ ವರಾಯಿ (ಕೂಲಿ ಹಣ) ಬೇರೆಯೇ ಎಂದು ಸ್ಪಷ್ಟಪಡಿಸಿಕೊಳ್ಳದಿದ್ದರೆ ಪ್ರತಿ ತಿಂಗಳೂ ಹೊಸ ಸಾಲೊಂದು ಬಿಲ್‌ನಲ್ಲಿ ಹುಟ್ಟುತ್ತದೆ. ಮಾಲು ಕಳೆದರೆ ಅಥವಾ ಹಾಳಾದರೆ, 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಬುಕಿಂಗ್ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಹೋಗಿರಬೇಕು. ಪಿಒಡಿ (ಮಾಲು ತಲುಪಿದ ರಸೀದಿ) ಮೇಲೆ "ಮಾಲು ಸರಿಯಾಗಿದೆ" ಎಂದು ಕಣ್ಣುಮುಚ್ಚಿ ಸಹಿ ಹಾಕಿದವರಿಗೆ ಆ ನೋಟಿಸಿನಿಂದ ಹೆಚ್ಚೇನೂ ಗಿಟ್ಟುವುದಿಲ್ಲ.

ಒಳಗೆ ಉಳಿಸಿಕೊಳ್ಳಬೇಕಾದ ತಂಡ ದೊಡ್ಡದಲ್ಲ. ದಿನದ ಗಾಡಿ ಯೋಜನೆಗೆ ಒಬ್ಬರು, ಬಾಡಿಗೆ ಬಿಲ್ ತಾಳೆ ನೋಡಲು ಒಬ್ಬರು, ಬಿನ್ ಮತ್ತು ದಾಸ್ತಾನಿಗೆ ಒಬ್ಬರು. ಈ ಮೂವರನ್ನೂ ಉಳಿತಾಯದ ಹೆಸರಲ್ಲಿ ತೆಗೆದರೆ ಗುತ್ತಿಗೆದಾರ ಕೊಟ್ಟ ವರದಿಯೇ ಸತ್ಯವಾಗುತ್ತದೆ. ದಿನಕ್ಕೆ ಒಂದೆರಡು ಗಾಡಿಯಷ್ಟೇ ಮಾಲಿರುವ ಘಟಕಕ್ಕೆ ಇಷ್ಟೆಲ್ಲ ಬೇಡ. ಅಂಥವರಿಗೆ, ಮಾಲು ಎಷ್ಟೇ ಇರಲಿ ಇಷ್ಟು ಕೊಡಲೇಬೇಕೆಂಬ ಕನಿಷ್ಠ ಬಿಲ್ಲಿನ ಷರತ್ತೇ ಭಾರ, ಟ್ರಿಪ್ ಲೆಕ್ಕದ ಬಾಡಿಗೆಯೇ ಸರಿ.

ನವೀಕರಣದಲ್ಲಿ ಗೋದಾಮು ಮತ್ತು ಗಾಡಿಯನ್ನು ಅದೇ ಗುತ್ತಿಗೆದಾರನಿಗೆ ಮುಂದುವರಿಸಿದ್ದೇವೆ, ಯೋಜನೆಯನ್ನೂ ಬಿಲ್ ತಪಾಸಣೆಯನ್ನೂ ಹಿಂದಕ್ಕೆ ಪಡೆದಿದ್ದೇವೆ. ಹೊಸದಾಗಿ ಸೇರಿಸಿದ್ದು: ದಾಸ್ತಾನಿನ ಮಾಹಿತಿ ಪ್ರತಿ ರಾತ್ರಿ ನಮ್ಮ ಸರ್ವರ್‌ಗೆ ಬರಬೇಕು, ರ‍್ಯಾಕ್‌ಗಳು ನಮ್ಮ ಹೆಸರಿನಲ್ಲಿರಬೇಕು, ಗುತ್ತಿಗೆ ಬಿಡುವಾಗ, ಮುಂದೆ ವಹಿಸಿಕೊಳ್ಳುವವರ ಜೊತೆಯಾಗಿ 90 ದಿನ ನಡೆಸಿಕೊಡಬೇಕು. ಒಂದು ಸಾಲನ್ನು ಹೊಡೆದು ಹಾಕಿಸಿದೆವು. ಬಾಕಿ ಯಾವುದೇ ಇರಲಿ, ಗೋದಾಮಿನ ಎಲ್ಲ ಮಾಲಿನ ಮೇಲೂ ತಡೆಹಿಡಿಯುವ ಹಕ್ಕು ತಮಗಿದೆ ಎಂಬ ಸಾಲು ಅದು. 1872ರ ಕರಾರು ಕಾಯ್ದೆಯ 171ನೇ ಕಲಂ ಇಂಥ ಸಾಮಾನ್ಯ ಹಕ್ಕನ್ನು ಬ್ಯಾಂಕರ್‌ಗಳಂಥ ಕೆಲವರಿಗಷ್ಟೇ ಕೊಟ್ಟಿದೆ. ಉಳಿದವರಿಗೆ ಅದು ಸಿಗುವುದು ನಾವು ಸಹಿ ಹಾಕಿ ಕೊಟ್ಟಾಗ ಮಾತ್ರ.