ಹೆಬ್ಬೆಟ್ಟಿಗೆ ಬೀಗ ಹಾಕಿ ಎರಡು ವರ್ಷದ ಮೇಲಾಯ್ತು: ಆಧಾರ್ ಬಯೋಮೆಟ್ರಿಕ್ ಲಾಕ್ ಬಳಸಿದ ಅನುಭವ

ಕಾರಟಗಿಯ ನಮ್ಮ ದೊಡ್ಡಪ್ಪನ ಖಾತೆಯಿಂದ 2023ರಲ್ಲಿ ಭತ್ತ ಮಾರಿದ ದುಡ್ಡು ಹೋಯ್ತು. ಎರಡು ದಿನ, ದಿನಕ್ಕೆ 10,000. ಅವರ ಹತ್ತಿರ ಇರೋದು ಬಟನ್ ಫೋನು. ಎಟಿಎಂ ಕಾರ್ಡು ಮಾಡಿಸಿಲ್ಲ, ಯಾರಿಗೂ ಒಟಿಪಿ ಹೇಳಿಲ್ಲ. ತಿಂಗಳಾದ ಮೇಲೆ ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ‘ಎಇಪಿಎಸ್’ ಅಂತ ಎರಡು ಸಾಲು ಕಂಡವು. ಅಂದರೆ ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ದುಡ್ಡು ಕೊಡೋ ವ್ಯವಸ್ಥೆ. ಇದಕ್ಕೆ ಒಟಿಪಿನೇ ಬೇಕಿಲ್ಲ. ಬೆರಳಚ್ಚು ಎಲ್ಲಿಂದ ಸಿಕ್ಕಿತೋ ಗೊತ್ತಾಗಲಿಲ್ಲ. ಅದೇ ವರ್ಷ ಬೆಂಗಳೂರಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದಲೂ ಹೀಗೇ ದುಡ್ಡು ಹೋದ ಸುದ್ದಿ ಓದಿದಾಗ, ದೊಡ್ಡಪ್ಪ ಹೆಬ್ಬೆಟ್ಟು ಒತ್ತಿದ ಕಾಗದಗಳನ್ನೆಲ್ಲ ನೆನೆಸಿಕೊಂಡೆ. ಬ್ಯಾಂಕಿಗೆ ಹೋದರೆ ಮೂರು ಕೆಲಸದ ದಿನದೊಳಗೆ ಹೇಳಬೇಕಿತ್ತು ಅಂದರು. ಬ್ಯಾಂಕಿನಲ್ಲಿದ್ದದ್ದು ಹಳೇ ಸಿಮ್ ನಂಬರು. ಮೆಸೇಜೇ ಬಾರದವರು ಹೇಳೋದು ಹೆಂಗೆ?

ಆ ವಾರವೇ ಆಧಾರದವರದೇ ಆ್ಯಪ್ ಎಂಆಧಾರ್ ಫೋನಿಗೆ ಹಾಕಿಕೊಂಡು ಮನೆಯ ನಾಲ್ಕೂ ಜನರ ಬೆರಳು ಲಾಕ್ ಮಾಡಿದೆ. ಎಲ್ಲರ ಆಧಾರಕ್ಕೂ ನನ್ನ ನಂಬರೇ ಜೋಡಿಸಿದ್ದರಿಂದ ಒಂದೇ ಫೋನಿನಲ್ಲಿ ಮುಗೀತು. ಒಮ್ಮೆ ಲಾಕ್ ಆದರೆ ಬೆರಳೂ ನಡೆಯಲ್ಲ, ಕಣ್ಣೂ ನಡೆಯಲ್ಲ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಫಜೀತಿ ಶುರುವಾದದ್ದು ಮುಂದಿನ ತಿಂಗಳು. ಅವ್ವ ರೇಷನ್ ಅಂಗಡಿ ಸಾಲಲ್ಲಿ, ನಾನು ಗಂಗಾವತಿ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೀತಾ ಕೂತಿದ್ದೆ. ಮಷೀನು ಮೂರು ಸಲ 330 ಅಂತ ತೋರಿಸಿ ಅಡ್ಡಬಿತ್ತು. “ಅಕ್ಕಾರ, ನಿಮ್ಮ ಬೆರಳು ಸವದಾವ, ತಗೊಳವಲ್ದು” ಅಂದನಂತೆ ಅಂಗಡಿಯವ. ಭತ್ತದ ನಾಟಿ ಹಚ್ಚಿ ಅವ್ವನ ಬೆರಳು ಸವೆದದ್ದು ನಿಜ, ಆದರೆ 330 ಅಂದರೆ ಸವೆತ ಅಲ್ಲ, ಮಾಲೀಕರೇ ಬೀಗ ಹಾಕಿದ್ದಾರೆ ಅಂತ. ಅಲ್ಲಿಂದ ಫೋನ್ ಬಂತು: “ಏ ತಮ್ಮಾ, ಏನ್ ಮಾಡಿಟ್ಟಿಯೋ ನನ್ನ ಬೆರಳಿಗೆ?” ತಾತ್ಕಾಲಿಕವಾಗಿ ತೆಗೆದರೆ ಸಿಗೋದು 10 ನಿಮಿಷ. ಒಟಿಪಿ ಬರೋ ಹೊತ್ತಿಗೆ ಅಂಗಡಿಯವ ಅವ್ವನ್ನ ಸಾಲಿನ ಕೊನೆಗೆ ಕಳಿಸಿದ್ದ. ಮತ್ತೆ ಸರದಿ ಬಂದಾಗ ಆ 10 ನಿಮಿಷ ಮುಗಿದಿತ್ತು. ಅವತ್ತು ಎರಡು ಸಲ ತೆಗೆದೆ.

ಗೃಹಲಕ್ಷ್ಮಿ ದುಡ್ಡು ತೆಗೆಯೋಕೂ ಇದೇ ಗೋಳು, ಅವ್ವ ತೆಗೆಯೋದು ಬ್ಯಾಂಕಿನ ಪರವಾಗಿ ಊರಲ್ಲೇ ದುಡ್ಡು ಕೊಡೋ ಬ್ಯಾಂಕ್ ಮಿತ್ರನ ಹತ್ತಿರ ಹೆಬ್ಬೆಟ್ಟೊತ್ತಿಯೇ. ಈಗ ಹೋಗೋ ಮುಂಚೆ ಅಲ್ಲ, ಅವನ ಎದುರು ಕೂತ ಮೇಲೆ ಫೋನ್ ಮಾಡ್ತಾಳೆ.

ಇದರ ನಿಜವಾದ ಕೊರತೆ ಬೇರೆ. ಬೀಗದ ಕೈ ಪೂರ್ತಿ ನನ್ನ ಸಿಮ್ಮಿನಲ್ಲಿದೆ. ಕಳೆದ ಬೇಸಿಗೆಯಲ್ಲಿ ಫೋನು ಕಾಲುವೆಗೆ ಬಿದ್ದು, ಹೊಸ ಸಿಮ್ ಬರೋತನಕ ಮನೆಯಲ್ಲಿ ಯಾರ ಬೆರಳಿಗೂ ಬೆಲೆ ಇರಲಿಲ್ಲ. ಇನ್ನು ಯಾರಾದರೂ ಮರುಳು ಮಾಡಿ ಒಟಿಪಿ ಕೇಳಿ ದೋಚಿದರೆ ಈ ಲಾಕ್ ಏನೂ ತಡೆಯಲ್ಲ. ಅದು ಕಾಯೋದು ಬೆರಳನ್ನಷ್ಟೇ.

ನನಗೆ ಹೆಚ್ಚು ಹಿಡಿಸಿದ್ದು ಹಿಸ್ಟರಿ. ಮೈಆಧಾರ್ ತಾಣದಲ್ಲಿ ಹಿಂದಿನ ಆರು ತಿಂಗಳಲ್ಲಿ ಯಾವಾಗೆಲ್ಲ ನಮ್ಮ ಆಧಾರ್ ಪರೀಕ್ಷೆಯಾಯ್ತು ಅನ್ನೋ ಪಟ್ಟಿ ಸಿಗ್ತದೆ. ಅಮಾವಾಸ್ಯೆಗೊಮ್ಮೆ ಅದನ್ನ ತೆಗೆದು ದೊಡ್ಡಪ್ಪನಿಗೆ ಓದಿ ಹೇಳ್ತೀನಿ. ಝೆರಾಕ್ಸ್ ಕೊಡೋ ಕಡೆಯೆಲ್ಲ ಈಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ ಆಧಾರ್. ಆನೆಗೊಂದಿ ಕಡೆ ರೂಮ್ ಕೊಡೋವ್ರು ಮೊದಲು ಮುಖ ಸಿಂಡರಿಸಿ ಆಮೇಲೆ ತಗೊಂಡರು.

ರೇಷನ್ ತಾಪತ್ರಯಕ್ಕೆ ಕೊನೆಗೆ ಮನೆಯಲ್ಲೇ ದಾರಿ ಸಿಕ್ತು. ಕಾರ್ಡಿನಲ್ಲಿರೋ ಯಾರ ಬೆರಳಾದರೂ ನಡೀತದಲ್ಲ, ತಮ್ಮನದೊಂದು ಬಿಟ್ಟು ಉಳಿದ ಮೂವರದೂ ಲಾಕ್. ಅವನ ಖಾತೆಯಲ್ಲಿ ಕದಿಯೋಕೆ ಇರೋದು 212 ರೂಪಾಯಿ, ಅದೂ ಅವನು ಉಳಿಸಿದ್ದಲ್ಲ.