ವಂಕಿ ಹಾಕಿಸಿಕೊಂಡ ದಿನ: ಬೆಂಗಳೂರಿನ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರದ ಸೇವೆ

ಎರಡನೆಯ ಹೆರಿಗೆಯಾಗಿ ಏಳು ತಿಂಗಳಾದ ಮೇಲೆ ವಂಕಿ (ಬಸಿರು ನಿಲ್ಲದಂತೆ ಗರ್ಭಕೋಶದೊಳಗಿಡುವ ಕಾಪರ್-ಟಿಯಂಥ ಸಾಧನ) ಹಾಕಿಸಿಕೊಳ್ಳಲೆಂದು ನಾನು ಮೊದಲು ಹೋದದ್ದು ಮನೆ ಹತ್ತಿರದ ಒಂದು ಖಾಸಗಿ ನರ್ಸಿಂಗ್ ಹೋಮಿಗೆ. ಅಲ್ಲಿ ಯಜಮಾನರ ಸಹಿ ಬೇಕೆಂದರು. ಗರ್ಭಪಾತಕ್ಕೇ ಹದಿನೆಂಟು ತುಂಬಿದ ಹೆಣ್ಣಿನ ಒಪ್ಪಿಗೆಯೊಂದು ಸಾಕೆಂದು 1971ರ ಕಾಯಿದೆ ಹೇಳುವಾಗ ವಂಕಿಗೇಕೆ ಗಂಡನ ಸಹಿ ಎಂದು ಕೇಳಿದರೆ, 'ನಮ್ಮಲ್ಲಿ ಹಾಗೇ ಪದ್ಧತಿ ಮೇಡಂ' ಎಂಬ ಉತ್ತರ ಬಂತು. ಎದ್ದು ಬಂದೆ.

ಮರುವಾರ ಹೋದದ್ದು ನಮ್ಮ ವಾರ್ಡಿನ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ. ಅಲ್ಲಿನ ಸಿಸ್ಟರ್ ಒಂದು ಸ್ಟೀಲ್ ತಟ್ಟೆಯಲ್ಲಿ ಗರ್ಭನಿರೋಧಕಗಳೆಲ್ಲವನ್ನೂ ಹರಡಿ, ಮೂರು ತಿಂಗಳಿಗೊಮ್ಮೆ ಹಾಕುವ 'ಅಂತರ' ಎಂಬ ಚುಚ್ಚುಮದ್ದು, ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು ನುಂಗುವ ಛಾಯಾ ಮಾತ್ರೆ, ಐದು ವರ್ಷದ ವಂಕಿ, ಹತ್ತು ವರ್ಷದ ವಂಕಿ ಎಂದು ಒಂದೊಂದನ್ನೂ ಕೈಗೆ ಕೊಟ್ಟು ವಿವರಿಸಿದರು. ವಂಕಿ ಹಾಕಿಸಿಕೊಂಡ ಮೊದಲ ಕೆಲವು ತಿಂಗಳು ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗಬಹುದು, ಹೊಟ್ಟೆ ಹಿಂಡಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ದುಡ್ಡು ಕೊಟ್ಟ ಕಡೆಯೂ ನನಗೆ ಇಷ್ಟು ಬಿಡಿಸಿ ಹೇಳಿದವರಿಲ್ಲ. ನಾನು ಹತ್ತು ವರ್ಷದ್ದನ್ನೇ ಆರಿಸಿಕೊಂಡೆ. ಹಾಕಲು ಕೆಲವೇ ನಿಮಿಷ ಹಿಡಿಯಿತು. ಒಂದು ಸಲ ಜೋರಾಗಿ ಹಿಂಡಿದಂತಾಯಿತು, ಅಷ್ಟೆ. ಹಾಕಿದ ತಾರೀಖು ಬರೆದ ಕಾರ್ಡು ಕೊಟ್ಟರು. ಖರ್ಚು ಏನೂ ಇಲ್ಲ.

ನನ್ನ ತಕರಾರಿರುವುದು ಗುಟ್ಟಿನ ವಿಷಯದಲ್ಲಿ. ಅಂದು ಗುರುವಾರ, ಲಸಿಕೆಯ ದಿನ. ಮಕ್ಕಳನ್ನೆತ್ತಿಕೊಂಡವರ ಸಾಲು ಸಿಸ್ಟರ ಮೇಜಿಗೇ ತಾಗಿಕೊಂಡಿತ್ತು; ಒಳಕೋಣೆಯ ಹಸಿರು ಪರದೆ ಮಂಚದ ಮುಕ್ಕಾಲು ಭಾಗವನ್ನಷ್ಟೇ ಮುಚ್ಚುತ್ತಿತ್ತು; ಆಯಾ 'ವಂಕಿಯವರು ಯಾರಮ್ಮಾ, ಬನ್ನಿ' ಎಂದು ಸಾಲಿಗೆಲ್ಲ ಕೇಳುವಂತೆ ಕೂಗಿದರು. ನನಗೆ ಅದು ಮುಜುಗರ ಮಾತ್ರ. ಆದರೆ ನನ್ನ ಹಿಂದಿದ್ದ, ಕಾಲೇಜಿನ ಬ್ಯಾಗು ತೊಟ್ಟ ಹುಡುಗಿಯನ್ನು ರಿಜಿಸ್ಟರ್ ಬರೆಯುವವರು ಅದೇ ದನಿಯಲ್ಲಿ 'ಗಂಡನ ಹೆಸರು?' ಎಂದು ಕೇಳಿದಾಗ ಅವಳು ಚೀಟಿ ಮಡಿಸಿಕೊಂಡು ಹೊರಟೇ ಹೋದಳು. ಯಾವುದಕ್ಕೆ ಬಂದಿದ್ದಳೋ. ಇಪ್ಪತ್ತರಿಂದ ಇಪ್ಪತ್ನಾಲ್ಕು ವಾರದೊಳಗಿನ ಗರ್ಭಪಾತದಲ್ಲಿಯೂ ಮದುವೆಯಾದವರು, ಆಗದವರು ಎಂಬ ಭೇದ ಸಲ್ಲದೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದೇ ಹೇಳಿದೆ. ರಿಜಿಸ್ಟರಿನ ಆ ಕಾಲಂ ಮಾತ್ರ ಹಾಗೆಯೇ ಇದೆ. 1930ರಲ್ಲಿಯೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದ ಮೈಸೂರು ಸಂಸ್ಥಾನದ ನೆಲದಲ್ಲಿ ಇನ್ನೆರಡು ಗಜ ಪರದೆ ಹೊಲಿಸುವುದು ಅಷ್ಟು ಕಷ್ಟವೇ?

ಮುಂದಿನ ತಿಂಗಳ ತಪಾಸಣೆಗೂ ನಾನು ಅಲ್ಲಿಗೇ ಹೋಗುವವಳು, ಗುರುವಾರ ಒಂದು ಬಿಟ್ಟು.